ಜೆಂಬೆ ಕಲಿಯಲು ಕುಳಿತ ಮಾಣಿ

(ಸಂಘದ ವಾರ್ಷಿಕ ಕೂಟದಲ್ಲಿ ನಮ್ಮ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇಂದಿನ ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಜೆಂಬೆ ವಾದ್ಯದ ಕಲಿಕೆ’ ಎಂದು ಬರೆದುದನ್ನು ಕಂಡು ಹಿರಿಯ ಸದಸ್ಯರೊಬ್ಬರು ಬಾಗಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿದರು. “ಏನಯ್ಯಾ, ಡೋಲು ಬಾರಿಸಿದರೆ ಪಗಾರ ಏರುತ್ತದೆಯೋ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ವಾರವಿಡೀ ರಜೆ, ಭತ್ಯ, ಪ್ರಾವಿಡೆಂಟ್ ಫಂಡ್ ಎಂದು ನಿಮ್ಮ ಬೆನ್ನು ಹತ್ತುವವನು ಇಂದು ಡೋಲಿನ ಮಾತು ತೆಗೆದರೆ ಯಾರಿಗಾದರೂ ಸಂಶಯ ಬರುತ್ತದೆ. ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ ತಾಳ್ಮೆಯಿಂದ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ.

ನಾನು ವಿದ್ವಾಂಸನಲ್ಲ. ಕುಂದಾಪುರದ ಕಡೆಯ ಹಳ್ಳಿಯಲ್ಲಿ 7ನೆಯ ತರಗತಿಯವರೆಗೆ ಓದಿ ಮುಂಬಯಿಗೆ ಬಂದವನು. ಮೊದಲು ತಟ್ಟೆ ತೊಳೆದೆ, ಬಳಿಕ ಮೇಜು ಒರೆಸಿದೆ, ಆಮೇಲೆ ಮಾಣಿಯಾದೆ. ಈಗ ನನಗೆ 37 ವರ್ಷ. ಈ ವಯಸ್ಸಿನಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತ ಮಗುವಿನಂತೆ ಒಂದು ವಾದ್ಯದ ಮುಂದೆ ಕುಳಿತಿದ್ದೇನೆ. ಎರಡು ವರ್ಷ ಕಳೆದರೂ ಇನ್ನೂ ಅದರ ಬಾಲಪಾಠದಲ್ಲೇ ಇದ್ದೇನೆ. ಆದುದರಿಂದ ನಾನು ಹೇಳುವುದು ಕಲಿಯುವವನ ಮಾತು, ಕಲಿತವನ ಮಾತಲ್ಲ.

ಆಗ ನಾನು ದುಡಿಯುತ್ತಿದ್ದ ಹೋಟೆಲಿಗೆ ಒಬ್ಬ ಮರಾಠಿ ತರುಣ ಪ್ರತಿ ರವಿವಾರ ಬೆಳಿಗ್ಗೆ ಇಡ್ಲಿಗೆ ಬರುತ್ತಿದ್ದ. ಹೆಗಲಿನಲ್ಲಿ ದೊಡ್ಡದೊಂದು ಚೀಲ. ಒಂದು ದಿನ, “ಅಣ್ಣಾ, ಇದನ್ನು ಎಲ್ಲಾದರೂ ಒಂದು ಕಡೆ ಇಡಲೇ? ನೀರು ತಾಗಬಾರದು” ಎಂದ. ಚೀಲ ತೆರೆದು ತೋರಿಸಿದ. ಕಾಲಿರುವ ದೊಡ್ಡ ಲೋಟದ ಆಕಾರ. ಮೇಲೆ ಅಗಲ, ನಡುವಿನಿಂದ ಕೆಳಗೆ ಸಪೂರ. ಬಾಯಿಗೆ ಆಡಿನ ಚರ್ಮ, ಸುತ್ತ ಬಲೆಯಂತೆ ಹೆಣೆದ ಹಗ್ಗ. “ಬಾರಿಸಿ ನೋಡಿ ಅಣ್ಣಾ” ಎಂದ. ನನ್ನ ಕೈ ಮುಂದೆ ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಚಂಡೆ ಮದ್ದಳೆಗೆ ಒಂದು ಮರ್ಯಾದೆ, ಡೋಲಿಗೆ ಇನ್ನೊಂದು. ಕಂಬಳಕ್ಕೆ ಕೊರಗ ಬಂಧುಗಳು ಡೋಲು ಬಾರಿಸಲು ಬರಬೇಕಿತ್ತು. ಒಲ್ಲೆವು ಎನ್ನುವಂತಿರಲಿಲ್ಲ, ಕೂಲಿ ಕೇಳುವಂತಿರಲಿಲ್ಲ. ‘ಅಜಲು’ ಎಂಬ ಆ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ನೆಯ ಇಸವಿಯಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಾನು ಸಣ್ಣವನಿದ್ದಾಗ ಒಮ್ಮೆ ಅಂಥ ಡೋಲನ್ನು ಮುಟ್ಟಲು ಹೋಗಿ ಮನೆಯವರಿಂದ ಪೆಟ್ಟು ತಿಂದಿದ್ದೆ. ಎಷ್ಟು ವರ್ಷ ಸಂಘದ ವೇದಿಕೆಯಲ್ಲಿ ಸಮಾನತೆಯ ಮಾತಾಡಿದರೂ ಆ ಪೆಟ್ಟು ನನ್ನ ಕೈಯಲ್ಲಿ ಉಳಿದಿತ್ತು. ಆ ರವಿವಾರ, ಎರಡು ತಟ್ಟೆ ಇಡ್ಲಿ ಕೊಟ್ಟು ಬಂದ ಮೇಲೆ, ಅಂಗೈಯನ್ನು ಚರ್ಮದ ಮೇಲೆ ಇಟ್ಟೆ. ಬಾರಿಸಲಿಲ್ಲ, ಇಟ್ಟೆ ಅಷ್ಟೇ. ನನ್ನ ಕಲಿಕೆ ಶುರುವಾದದ್ದು ಅಂದಿನಿಂದ.

ಈ ವಾದ್ಯ ಎಲ್ಲಿಯದು? ಪಶ್ಚಿಮ ಆಫ್ರಿಕಾದ ಮಾಂಡಿಂಗ್ ಜನರದು. ಇಂದಿನ ಗಿನಿ, ಮಾಲಿ ದೇಶಗಳು ಅದರ ತವರು. ಒಂದೇ ಮರದ ದಿಮ್ಮಿಯನ್ನು ಕೊರೆದು ಇದನ್ನು ಮಾಡುತ್ತಾರೆ, ತುಂಡು ಜೋಡಿಸುವುದಿಲ್ಲ. ಎತ್ತರ ಸುಮಾರು 2 ಅಡಿ, ಬಾಯಿಯ ಅಗಲ ಒಂದು ಅಡಿಗಿಂತ ತುಸು ಹೆಚ್ಚು. ಅಲ್ಲಿ ಕಬ್ಬಿಣದ ಕೆಲಸ ಮಾಡುವ ‘ನುಮು’ ಎಂಬ ಕುಲದವರೇ ಮರವನ್ನೂ ಕೆತ್ತುವವರು. ಹಾಡಿ ಹೊಗಳುವ, ವಂಶದ ಕಥೆ ಹೇಳುವ ಕೆಲಸ ‘ಜೆಲಿ’ ಎಂಬ ಮನೆತನಗಳಿಗೆ ಹುಟ್ಟಿನಿಂದ ಬರುತ್ತದೆ. ಜೆಂಬೆ ಬಾರಿಸಲು ಮಾತ್ರ ಆ ಹುಟ್ಟಿನ ಕಟ್ಟಿಲ್ಲ. ಕೈಯೂ ಕಿವಿಯೂ ಇದ್ದು ಹಿರಿಯರ ಪಕ್ಕದಲ್ಲಿ ಕೂರುವ ತಾಳ್ಮೆ ಇದ್ದವನು ಕಲಿಯಬಹುದು. ಇದನ್ನು ತಿಳಿದಾಗ ನನಗಾದ ಸಂತೋಷ ನಿಮಗೆ ಅರ್ಥವಾದೀತು.

ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿಯೂ ಆಫ್ರಿಕಾ ಮೂಲದ ಸಿದ್ದಿ ಬಂಧುಗಳಿದ್ದಾರೆ. ಹಿಂದೆ ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅವರ ಡಮಾಮಿ ಕುಣಿತದ ಡೋಲು ಜೆಂಬೆಯಲ್ಲ. ಅದು ಬೇರೆಯೇ ವಾದ್ಯ. ಆಫ್ರಿಕಾ ಒಂದು ಊರಲ್ಲ, ಒಂದು ಖಂಡ. ಎರಡನ್ನೂ ಒಂದೇ ಎನ್ನುವುದು ನಮ್ಮ ಚಂಡೆಯನ್ನೂ ಪಂಜಾಬಿನ ಢೋಲನ್ನೂ ಒಂದೇ ಎಂದಂತೆ.

ಇನ್ನು ಪಾಠದ ವಿಷಯ. ಜೆಂಬೆಗೆ ಕೋಲಿಲ್ಲ, ಬರಿಗೈಯೇ ಕೋಲು. ಮೊದಲ ದಿನ ಕಲಿಯುವುದು ಮೂರು ಶಬ್ದ. ಅಂಗೈಯನ್ನು ಚರ್ಮದ ನಡುವಿಗೆ ಇಳಿಸಿದರೆ ಒಳಗಿನ ಗಾಳಿ ಅಲುಗಿ ‘ಗುಂ’ ಎನ್ನುತ್ತದೆ. ಬೆರಳುಗಳನ್ನು ಒಟ್ಟಿಗೆ ಹಿಡಿದು ಅಂಚಿನ ಹತ್ತಿರ ಹೊಡೆದರೆ ‘ಟೊಂ’ ಎಂಬ ದುಂಡು ನಾದ. ಅದೇ ಜಾಗದಲ್ಲಿ ಬೆರಳುಗಳನ್ನು ಸಡಿಲ ಬಿಟ್ಟು ತುದಿಯಿಂದ ತಾಗಿಸಿದರೆ ‘ಚಟ್’ ಎಂಬ ಚೂಪು ಶಬ್ದ. ಹೇಳಲು ಇಷ್ಟೇ. ಆದರೆ ‘ಟೊಂ’ ಯಾವುದು, ‘ಚಟ್’ ಯಾವುದು ಎಂದು ಕಣ್ಣು ಮುಚ್ಚಿ ಕೇಳುವವನಿಗೆ ಗುರುತು ಹತ್ತುವಂತೆ ಬಾರಿಸಲು ನನಗೆ ಎಂಟು ತಿಂಗಳು ಬೇಕಾಯಿತು.

ನನ್ನ ಮೊದಲ ತಪ್ಪು ಬಲ ಹಾಕಿದ್ದು. ದೊಡ್ಡ ಪಾತ್ರೆ ಎತ್ತಿದ ಕೈ, ಗೋಣಿ ಹೊತ್ತ ಹೆಗಲು. ಜೋರಾಗಿ ಹೊಡೆದರೆ ಜೋರಾಗಿ ಕೇಳುತ್ತದೆ ಎಂದುಕೊಂಡೆ. ಅಂಗೈ ಕೆಂಪಾಗಿ ಊದಿತು, ಶಬ್ದ ಮಾತ್ರ ಹಲಗೆಗೆ ಬಡಿದಂತೆ ಬಂತು. ಆ ತರುಣ ನಕ್ಕು, “ಅಣ್ಣಾ, ಕೈಯನ್ನು ಅಲ್ಲೇ ಬಿಡುತ್ತೀರಿ. ಹೊಡೆದು ಅದುಮಿದರೆ ಚರ್ಮ ಹೇಗೆ ಮಾತಾಡೀತು?” ಎಂದ. ಅವನು ಹೇಳಿದ್ದು ನನಗೆ ಹೋಟೆಲಿನ ಭಾಷೆಯಲ್ಲಿ ಹೊಳೆಯಿತು. ಕಾದ ಕಾವಲಿಗೆ ಬೆರಳು ತಾಗಿದರೆ ನಾವು ಹೇಗೆ ಸಟ್ಟನೆ ಎತ್ತುತ್ತೇವೋ ಹಾಗೆ ಎತ್ತಬೇಕು. ಅಂದಿನಿಂದ ಶಬ್ದ ತೆರೆಯಿತು, ಕೈನೋವೂ ಇಳಿಯಿತು.

ಎರಡನೆಯ ತಪ್ಪು ಎಡಗೈಯದು. ನಾವು ಮಾಣಿಗಳು ಬಲಗೈಯಲ್ಲಿ ಬಡಿಸಿ ಬಡಿಸಿ ಎಡಗೈಯನ್ನು ತಟ್ಟೆ ಹಿಡಿಯುವ ಗೂಟ ಮಾಡಿಬಿಟ್ಟಿದ್ದೇವೆ. ಜೆಂಬೆಯಲ್ಲಿ ಎರಡೂ ಕೈಗೆ ಸಮಪಾಲು ಕೆಲಸ. ಬಲ, ಎಡ, ಬಲ, ಎಡ ಎಂದು ದಿನಕ್ಕೆ ಹತ್ತು ನಿಮಿಷ ನಿಧಾನವಾಗಿ, ಎರಡೂ ಶಬ್ದ ಒಂದೇ ತೂಕ ಬರುವ ತನಕ ಸಾಧಿಸಬೇಕು.

ಈ ತನಕ ಹೇಳಿದ್ದು ಕೈಯ ಪಾಠ. ನಿಜವಾದ ಪಾಠ ಇನ್ನು ಮುಂದಿನದು.

ಜೆಂಬೆ ಒಂಟಿ ವಾದ್ಯವಲ್ಲ. ಅದರ ತವರಿನಲ್ಲಿ ಒಂದು ಮೇಳವಿರುತ್ತದೆ. ಅಡ್ಡ ಮಲಗಿಸಿ ಕೋಲಿನಿಂದ ಬಾರಿಸುವ ಮೂರು ದುನ್‌ದುನ್ ಡೋಲುಗಳು: ಸಣ್ಣದು ಕೆಂಕೆನಿ, ನಡುವಿನದು ಸಂಗ್ಬಾನ್, ದೊಡ್ಡದು ದುನುಂಬಾ. ಯಾವ ತಾಳ ನಡೆಯುತ್ತಿದೆ ಎಂದು ಗುರುತಾಗುವುದು ಮುಖ್ಯವಾಗಿ ಇವುಗಳಿಂದ. ಅದರ ಮೇಲೆ ಒಂದೆರಡು ಜೊತೆಯ ಜೆಂಬೆ. ಅವು ಒಂದು ಚಿಕ್ಕ ಪಾಠವನ್ನೇ ಆರಂಭದಿಂದ ಕೊನೆಯವರೆಗೆ ಬಾರಿಸುತ್ತವೆ: ಚಟ್, ಒಂದಿಷ್ಟು ಬಿಡುವು, ಎರಡು ಟೊಂ, ಮತ್ತೆ ಅದೇ. ಇವೆಲ್ಲದರ ಮೇಲೆ ಮುಂದಾಳು ಜೆಂಬೆ. ಕುಣಿಯುವವರ ಕಾಲು ನೋಡಿ ಬಾರಿಸುವುದು, ಸಂಜ್ಞೆ ಕೊಟ್ಟು ತೊಡಗಿಸುವುದು, ಸಂಜ್ಞೆ ಕೊಟ್ಟು ನಿಲ್ಲಿಸುವುದು ಅದರ ಕೆಲಸ. ಜನರು ನೋಡುವುದೂ ಚಪ್ಪಾಳೆ ತಟ್ಟುವುದೂ ಮುಂದಾಳಿಗೆ. ಹೊಸಬನಿಗೆ ಸಿಕ್ಕುವುದು ಜೊತೆಯ ಪಾಠ.

ನಾನೂ ಆ ಚಿಕ್ಕ ಪಾಠ ಹಿಡಿದು ಕುಳಿತೆ. ಐದು ನಿಮಿಷಕ್ಕೆ ಬೇಸರ ಬಂತು. ಒಂದು ಪೆಟ್ಟು ಹೆಚ್ಚು ಹಾಕಿದರೆ ಚೆಂದ ಎನಿಸಿತು, ಹಾಕಿದೆ. ಎದುರಿನವರು ಹುರುಪಿನಿಂದ ಬಾರಿಸಿದಾಗ ನನ್ನ ಕೈಯೂ ಬಿರುಸಾಯಿತು. ಆಗ ಆ ತರುಣ ಎಲ್ಲರನ್ನೂ ನಿಲ್ಲಿಸಿದ. “ಅಣ್ಣಾ, ನೀವು ಓಡುತ್ತಿದ್ದೀರಿ” ಎಂದ. “ಇಲ್ಲವಲ್ಲ, ಎಲ್ಲರೂ ಹಿಂದೆ ಬೀಳುತ್ತಿದ್ದಾರೆ” ಎಂದೆ. “ಓಡುವವನಿಗೆ ಯಾವಾಗಲೂ ಹಾಗೇ ಕಾಣುತ್ತದೆ” ಎಂದ.

ಬಂಧುಗಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದು ಹೇಳುತ್ತೇನೆ.

2012ರಲ್ಲಿ ನಾನು ಒಂದು ಉಪನಗರದ ಹೋಟೆಲಿನಲ್ಲಿದ್ದೆ. ಹೆಸರು ಬೇಡ. ನಾವು 19 ಮಂದಿ. ವಾರದ ರಜೆ ಇರಲಿಲ್ಲ. 1948ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ ಬರೆದಿಟ್ಟ ಹಕ್ಕು ಅದು; ಆದರೂ ಕೇಳಿದವನಿಗೆ ಊರಿನ ಬಸ್ಸಿನ ದಾರಿ ತೋರಿಸುತ್ತಿದ್ದರು. ನಾವು ಗುಟ್ಟಾಗಿ ಮಾತಾಡಿಕೊಂಡೆವು. ತಿಂಗಳ 1ನೆಯ ತಾರೀಕು ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು, 19 ಮಂದಿಯೂ ಒಟ್ಟಿಗೆ ಧಣಿಗಳ ಮುಂದೆ ನಿಲ್ಲುವುದೆಂದು ಗೊತ್ತುಮಾಡಿದೆವು. ಅದಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ ಊಟದ ನೂಕುನುಗ್ಗಲಿನಲ್ಲಿ, ಗಲ್ಲಾದಲ್ಲಿದ್ದವರು ಒಬ್ಬ ಹುಡುಗನಿಗೆ ಕೆಟ್ಟ ಮಾತು ಆಡಿದರು. ನನಗೆ ರಕ್ತ ಕುದಿಯಿತು. ಕೈಯಲ್ಲಿದ್ದ ತಟ್ಟೆಗಳನ್ನು ನೆಲಕ್ಕೆ ಎಸೆದು, “ಎಲ್ಲರೂ ಕೆಲಸ ನಿಲ್ಲಿಸಿ!” ಎಂದು ಕೂಗಿದೆ. ನನ್ನ ಜೊತೆ ನಾಲ್ವರು ನಿಂತರು. 14 ಮಂದಿ ನಿಲ್ಲಲಿಲ್ಲ. ಸಂಜೆಗೆ ಐವರೂ ಬೀದಿಯಲ್ಲಿದ್ದೆವು. ಆ ಐವರಲ್ಲಿ ಒಬ್ಬ ನಮ್ಮ ಪಕ್ಕದೂರಿನವನು, 19 ವರ್ಷದವನು, ನಾನೇ ಕರೆತಂದವನು. ಬಾಕಿ ಪಗಾರವೂ ಸಿಗದೆ ಊರಿಗೆ ಹೋದ. ನಾನು ಊರಿಗೆ ಹೋದಾಗ ಅವನ ತಾಯಿ ನನಗೆ ಚಹಾ ಕೊಟ್ಟರು, ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ 14 ಮಂದಿಯನ್ನು ಹೇಡಿಗಳೆಂದು ಹೇಳುತ್ತ ಬಂದೆ. ಈ ಸಂಘದ ವೇದಿಕೆಯಲ್ಲೂ ಹೇಳಿದ್ದೇನೆ. ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ‘ನೀವು ಓಡುತ್ತಿದ್ದೀರಿ’ ಎಂಬ ಮಾತು ಕಿವಿಗೆ ಬಿದ್ದ ಮರುವಾರ ನಾನು ಆ ಹೋಟೆಲಿನ ಅಡುಗೆ ಭಟ್ಟರನ್ನು ಹುಡುಕಿಕೊಂಡು ಹೋದೆ. ಅವರು ಈಗ ಮಗನ ಜೊತೆ ಠಾಣೆಯ ಕಡೆ ಇದ್ದಾರೆ. “ಭಟ್ರೇ, ಅಂದು ನೀವು ಯಾಕೆ ಬರಲಿಲ್ಲ?” ಎಂದು ಮೊದಲ ಸಲ ಕೇಳಿದೆ. ಅವರು ಹೇಳಿದರು: “ಮಾರಾಯ, ಒಲೆಯ ಮೇಲೆ ದೊಡ್ಡ ಬಾಣಲೆ ತುಂಬ ಎಣ್ಣೆ ಕಾದಿತ್ತು. ಹಾಗೇ ಬಿಟ್ಟು ಬಂದರೆ ಅಡುಗೆಮನೆ ಹೊತ್ತಿಕೊಳ್ಳುತ್ತಿತ್ತು. ಒಲೆ ಆರಿಸಿ ಬರಲು ನನಗೆ ಎರಡು ನಿಮಿಷ ಬೇಕಿತ್ತು. ನಾನು ಹೊರಗೆ ಬರುವಷ್ಟರಲ್ಲಿ ನಿಮ್ಮನ್ನು ಬಾಗಿಲಿನಿಂದ ಆಚೆ ಹಾಕಿ ಆಗಿತ್ತು.” ನಾನು ಅವರ ಕೈ ಹಿಡಿದುಕೊಂಡೆ. ಇಂದು ಈ ವೇದಿಕೆಯಿಂದ, ಹಿಂದೆ ಆಡಿದ ಆ ‘ಹೇಡಿಗಳು’ ಎಂಬ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಗಲ್ಲಾದವರ ಮಾತಿಗೆ ಸಿಟ್ಟು ಬಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬೇಡಿಕೆಯೂ ಸರಿಯಾದುದೇ. 18 ಮಂದಿಯ ಕೈ ಎಲ್ಲಿದೆ ಎಂದು ನೋಡದೆ ನಾನೊಬ್ಬನೇ ಸಂಜ್ಞೆ ಕೊಟ್ಟೆ. ಮೇಳದಲ್ಲಿ ಸಂಜ್ಞೆ ಕೊಡುವವನು ಮೊದಲು ಎಲ್ಲರ ಪಾಠವನ್ನೂ ಬಾರಿಸಿ ಬಂದವನಾಗಿರಬೇಕು, ನಾನು ಹಾಗಿರಲಿಲ್ಲ.

ಗಿನಿಯ ಕಾರ್ಮಿಕರ ಕಥೆಯೊಂದನ್ನು ಇಲ್ಲಿ ಹೇಳಬೇಕು. ಅದು ಆಗ ಫ್ರೆಂಚರ ವಸಾಹತು. 1952ರ ಹೊಸ ಕಾರ್ಮಿಕ ಕಾನೂನು ವಾರಕ್ಕೆ 40 ಗಂಟೆಯ ದುಡಿಮೆ ಎಂದಿತು. ಗಂಟೆ ಇಳಿದರೆ ಕೂಲಿಯೂ ಇಳಿಯುತ್ತದಲ್ಲವೇ? 48 ಗಂಟೆಯ ಕೂಲಿ 40 ಗಂಟೆಗೆ ಸಿಗಬೇಕಾದರೆ ಗಂಟೆಯ ದರ ಶೇಕಡಾ 20 ಏರಬೇಕು. ಅದಕ್ಕಾಗಿ 1953ರಲ್ಲಿ ಅವರು ಮುಷ್ಕರ ಹೂಡಿದರು. ಎರಡು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ಹಳ್ಳಿಗಳ ರೈತರು ಮುಷ್ಕರಗಾರರಿಗೆ ಆಹಾರ ಒದಗಿಸಿದರು. ಕೊನೆಗೆ ಶೇಕಡಾ 20 ಪಡೆದರು. ಅದರ ಮುಂದಾಳು ಸೆಕು ಟುರೆ. ಅವರ ಹೆಸರು ಎಲ್ಲರಿಗೂ ಗೊತ್ತು. ಅಕ್ಕಿ ಕಳಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರ ಪೆಟ್ಟು ನಿಂತಿದ್ದರೆ ಮುಂದಾಳು ಎರಡು ವಾರವೂ ಬಾರಿಸುತ್ತಿರಲಿಲ್ಲ.

ಕಥೆಯ ಮುಂದಿನ ಭಾಗವನ್ನೂ ಹೇಳದಿದ್ದರೆ ಪ್ರಾಮಾಣಿಕವಾಗದು. 1958ರಲ್ಲಿ ಗಿನಿ ಸ್ವತಂತ್ರವಾಯಿತು. ಸೆಕು ಟುರೆ ಅಧ್ಯಕ್ಷರಾದರು. ಹಳ್ಳಿಯ ಜೆಂಬೆಯನ್ನು ರಂಗದ ಮೇಲೆ ತಂದು ಲೋಕಕ್ಕೆಲ್ಲ ಕೇಳಿಸಿದವರು ಫೊದೆಬಾ ಕೈತಾ ಎಂಬ ಉಪಾಧ್ಯಾಯರು. 1950ರ ದಶಕದ ಆರಂಭದಲ್ಲಿ ಪ್ಯಾರಿಸಿನಲ್ಲಿ ಅವರು ಕಟ್ಟಿದ ಆಫ್ರಿಕನ್ ನೃತ್ಯತಂಡ ಮುಂದೆ ಗಿನಿಯ ರಾಷ್ಟ್ರೀಯ ತಂಡವಾಯಿತು. ಅವರು ಮಂತ್ರಿಯೂ ಆದರು. ಆದರೆ ಬರಬರುತ್ತಾ ಅಧ್ಯಕ್ಷರಿಗೆ ತಮ್ಮ ಡೋಲಿನ ಹೊರತು ಬೇರೆ ಸದ್ದು ಸೇರದಾಯಿತು. 1969ರಲ್ಲಿ ಫೊದೆಬಾ ಕೈತಾ ಅದೇ ಸರಕಾರದ ಸೆರೆಯಲ್ಲಿ ಕೊಲ್ಲಲ್ಪಟ್ಟರು. ಮುಷ್ಕರ ಗೆದ್ದ ಮುಂದಾಳೂ ಹಾಗಾಗಬಲ್ಲ ಎಂಬುದನ್ನು ನನ್ನಂಥ ಕಾರ್ಯಕರ್ತರು ಮರೆಯಬಾರದು. ನೀವೂ ನಮಗೆ ಮರೆಯಗೊಡಬಾರದು.

ಆ ತಂಡಗಳಿಂದ ಬಂದ ದೊಡ್ಡ ವಾದಕರು ಹಳ್ಳಿಯ ಮಕ್ಕಳೇ. 1940ರಲ್ಲಿ ಹುಟ್ಟಿದ ಫಾಮುದು ಕೊನಾತೆ ಗಿನಿಯ ಹಮನಾ ಸೀಮೆಯವರು. 2021ರಲ್ಲಿ ತೀರಿಕೊಂಡ ಮಮಾದಿ ಕೈತಾ ಇನ್ನೊಂದು ಹಳ್ಳಿಯವರು; ಮುಂದೆ ಹೊರದೇಶದಲ್ಲಿ ಶಾಲೆ ತೆರೆದು ಲೋಕದ ಎಲ್ಲ ಕಡೆಯ ಜನರಿಗೆ ಕಲಿಸಿದರು. ಆ ಹಮನಾ ಸೀಮೆಯಲ್ಲಿ ‘ಕಸ್ಸಾ’ ಎಂಬ ತಾಳವಿದೆ. ಹೊಲದ ಕೆಲಸಕ್ಕೆ ಊರವರು ಒಟ್ಟಾಗಿ ಇಳಿದಾಗ ಡೋಲಿನವರೂ ಅವರ ಜೊತೆ ಹೊಲಕ್ಕೆ ಹೋಗಿ ಅದನ್ನು ಬಾರಿಸುತ್ತಾರೆ. ದುಡಿಮೆಗೂ ತಾಳಕ್ಕೂ ನಂಟಿದೆ ಎಂಬುದು ನಮ್ಮ ಗಿರಣಿಯ ಹಿರಿಯರಿಗೆ ಹೇಳಬೇಕಾಗಿಲ್ಲ. 1982ರ ಮುಷ್ಕರದ ನಂತರ ಈ ನಗರದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಮಗ್ಗದ ಮುಂದೆ ನಿಂತು ದುಡಿದ ಅಜ್ಜನೊಬ್ಬರು ನಮ್ಮ ಅಭ್ಯಾಸಕ್ಕೆ ಬಂದು ಕುಳಿತಾಗ, ಯಾರ ಕೈ ಅರ್ಧ ಪೆಟ್ಟು ತಪ್ಪಿತು ಎಂದು ಮೊದಲು ಹೇಳುವವರು ಅವರೇ. ನೂಲು ಹರಿದದ್ದನ್ನು ಸದ್ದಿನಿಂದಲೇ ತಿಳಿದ ಕಿವಿ ಅದು.

ಕಲಿಯಬೇಕೆಂಬವರಿಗೆ ನಾಲ್ಕು ಮಾತು. ಕುಳಿತು ಬಾರಿಸುವಾಗ ಜೆಂಬೆಯನ್ನು ತೊಡೆಗಳ ನಡುವೆ ಹಿಡಿದು ತುಸು ಮುಂದಕ್ಕೆ ಓರೆಮಾಡಿ. ಕೆಳಗಿನ ಬಾಯಿ ನೆಲಕ್ಕೆ ಮುಚ್ಚಿದರೆ ‘ಗುಂ’ ಹೊರಗೆ ಬರುವುದಿಲ್ಲ. ಉಂಗುರ, ಗಡಿಯಾರ ತೆಗೆದಿಡಿ. ಚರ್ಮವೂ ಹರಿಯುತ್ತದೆ, ಬೆರಳೂ ಒಡೆಯುತ್ತದೆ. ಕೈಯಲ್ಲಿ ಸುಟ್ಟ ಗಾಯವೋ ಕೊಯ್ದ ಗಾಯವೋ ಇದ್ದರೆ ಮಾಯುವ ತನಕ ಬೇಡ. ಬಹಳ ಹೊತ್ತು ಜೋರಾಗಿ ಬಾರಿಸಿದ ಮೇಲೆ ಅಪರೂಪಕ್ಕೆ ಕೆಲವರಿಗೆ ಮೂತ್ರ ಕೆಂಪಾಗುವುದುಂಟು. ಹಾಗಾದರೆ ನಿಲ್ಲಿಸಿ ಡಾಕ್ಟರರ ಹತ್ತಿರ ಹೋಗಿ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗುತ್ತದೆ. ಹಾಗೆಂದು ಒಲೆಯ ಹತ್ತಿರ ಇಡಬೇಡಿ, ಒಣ ಬಟ್ಟೆ ಸುತ್ತಿಡಿ, ಹಗ್ಗ ಬಿಗಿಯಲು ತಿಳಿದವರಿಂದ ಬಿಗಿಸಿ. ಚಾಳದ ಖೋಲಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವರಿದ್ದಾರೆ ಎಂಬುದನ್ನು ಮರೆಯಬೇಡಿ. ಅಲ್ಲಿ ತೊಡೆಯ ಮೇಲೆ, ದಿಂಬಿನ ಮೇಲೆ ಅಭ್ಯಾಸ ಮಾಡಿ. ವಾದ್ಯವೇ ಇಲ್ಲದವನೂ ಹೀಗೆ ಅರ್ಧ ಪಾಠ ಕಲಿಯಬಹುದು.

ಒಂದು ಮುಖ್ಯ ಮಾತು. ಅಭ್ಯಾಸ ಮಾಡುವಾಗ ಬಾಯಲ್ಲಿ ಎಣಿಸಿ, ಕಾಲಲ್ಲಿ ನಡೆಯಿರಿ. ಬೇಸರ ಬಂದಾಗ ಕೈಯನ್ನು ಬದಲಿಸಬೇಡಿ, ಕಿವಿಯನ್ನು ಬದಲಿಸಿ. ನಿಮ್ಮದೇ ಪೆಟ್ಟು ಬಿಟ್ಟು ಪಕ್ಕದವನ ಪೆಟ್ಟು ಕೇಳಿ. ಆಗ ಅದೇ ಚಿಕ್ಕ ಪಾಠ ಹೊಸದಾಗಿ ಕೇಳುತ್ತದೆ.

ಈಗ ನಮ್ಮ ಸಂಘದ ಕೋಣೆಯಲ್ಲಿ ವಂತಿಗೆ ಎತ್ತಿ ತಂದ ಎರಡು ಜೆಂಬೆಗಳಿವೆ. ಸೋಮವಾರ ರಾತ್ರಿ ಹೋಟೆಲುಗಳು ಮುಚ್ಚಿದ ಮೇಲೆ ಏಳೆಂಟು ಮಂದಿ ಸೇರುತ್ತೇವೆ. ಅದರಲ್ಲಿ ಇಬ್ಬರು ಸಭೆಗೆ ಎಂದೂ ಬಾಯಿ ಬಿಡದ ಕ್ಲೀನರ್ ಹುಡುಗರು. ಮೂರು ತಿಂಗಳು ಸುಮ್ಮನೆ ಬಾರಿಸಿದರು. ಕಳೆದ ತಿಂಗಳು ಅವರಲ್ಲೊಬ್ಬ ಅಭ್ಯಾಸ ಮುಗಿದ ಮೇಲೆ, “ಅಣ್ಣ, ನಮ್ಮಲ್ಲಿ ವಾರದ ರಜೆ ಇಲ್ಲ. ನಾವು 11 ಮಂದಿ. ಆದರೆ ಭಟ್ಟರ ಹತ್ತಿರ ಇನ್ನೂ ಮಾತಾಡಿಲ್ಲ” ಎಂದ. “ಮೊದಲು ಅವರ ಹತ್ತಿರ ಮಾತಾಡು. ಅವಸರವಿಲ್ಲ, ನಾನು ಕಾಯುತ್ತೇನೆ” ಎಂದೆ. ಈ ಮಾತು ಆಡಲು ನನಗೆ ಹತ್ತು ವರ್ಷದ ಮೇಲೆ ಹಿಡಿಯಿತು.

ಬಾಗಿಲಲ್ಲಿ ನನ್ನನ್ನು ತಡೆದ ಹಿರಿಯರಿಗೆ ಈಗ ಉತ್ತರ: ಡೋಲು ಬಾರಿಸಿದರೆ ಪಗಾರ ಏರುವುದಿಲ್ಲ, ಸ್ವಾಮೀ. ಅದಕ್ಕೆ ನಾವು ಒಟ್ಟಾಗಿ ಹೋಗಿ ಕೇಳಲೇಬೇಕು. ಹಾಗೆ ಹೋಗುವ ದಿನ ಒಲೆ ಆರಿಸಿ ಬರಲು ಭಟ್ಟರಿಗೆ ಎರಡು ನಿಮಿಷ ಕೊಡಬೇಕು ಎಂಬುದನ್ನು ನಾನು ಡೋಲಿನಿಂದ ಕಲಿತೆ. ಬರುವ ಸೋಮವಾರ ರಾತ್ರಿ ಹನ್ನೊಂದೂವರೆಗೆ ಕೋಣೆ ತೆರೆದಿರುತ್ತದೆ. ತಾವೂ ಬನ್ನಿ, ಜೊತೆಯ ಪಾಠಕ್ಕೆ ಕೈ ಸಾಲದು.